ಹೊಸೂರಿನಿಂದ ಹಗರಿಯ ಮರಳಿನವರೆಗೆ

ಮರಳುಗಾಡು ಎಂದೊಡನೆ ನಮ್ಮ ಶಾಲೆಯ ಮಕ್ಕಳು ಒಂಟೆಯ ಚಿತ್ರ ಬರೆಯುತ್ತಾರೆ. ಅದು ಅವರ ತಪ್ಪಲ್ಲ. ಭೂಗೋಳದ ಪಾಠದಲ್ಲಿ ನಮ್ಮ ದೇಶದ ಮರುಭೂಮಿ ಎಂದರೆ ರಾಜಸ್ಥಾನದ ಥಾರ್. ಊರುಗಳೆಂದರೆ ಜೈಸಲ್ಮೇರ್, ಬಿಕಾನೇರ್. ಆದರೆ ಹೊಸೂರಿನಿಂದ ಒಂದು ಹಗಲಿನ ಪ್ರಯಾಣದ ದೂರದಲ್ಲಿ, ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ, ಕನ್ನಡ ಮಾತನಾಡುವ ಹಳ್ಳಿಗಳ ನಡುವೆಯೇ ಗಾಳಿ ಕಟ್ಟಿದ ಮರಳಿನ ದಿಬ್ಬಗಳಿವೆ. ಒಂಟೆಗಳಿಲ್ಲ, ಕುರಿಗಳಿವೆ. ಕಳೆದ ಮಾಗಿಯ ಚಳಿಯಲ್ಲಿ, ಅರ್ಧವಾರ್ಷಿಕ ಪರೀಕ್ಷೆ ಮುಗಿದು ರಜೆ ಬಂದಾಗ, ನಾವು ನಾಲ್ವರು ಮಿತ್ರರು ಆ ಸೀಮೆಯ ಊರುಗಳನ್ನು ನೋಡಿ ಬಂದೆವು.

ಜೊತೆಗಿದ್ದವರನ್ನು ಪರಿಚಯಿಸಬೇಕು. ಒಬ್ಬರು ಬಾಗಲೂರು ಕಡೆಯ ರೋಜಾ ಬೆಳೆಗಾರರು, ಕಾರು ಅವರದು. ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಶಾಸನಗಳ ಹುಚ್ಚು ಹಿಡಿದವರು. ಮೂರನೆಯವರು ನಮ್ಮ ಶಾಲೆಯಲ್ಲಿ ತಮಿಳು ಕಲಿಸುವ ಅಧ್ಯಾಪಕರು. ಬುತ್ತಿಗೆ ಹಿತಕಿದವರೆಯ ಸಾರು, ರಾಗಿಮುದ್ದೆಯ ಬದಲು ಚಪಾತಿ. ಅವರೆಯ ಕಾಲದಲ್ಲಿ ನಮ್ಮ ಸೀಮೆಯವರು ಎಲ್ಲಿಗೆ ಹೊರಟರೂ ಅವರೆಕಾಯಿಯ ಸೊಗಡು ಜೊತೆಗೆ ಹೊರಡುತ್ತದೆ.

ಕೃಷ್ಣಗಿರಿ, ಹೊಸೂರುಗಳ ನಡುವೆ ನಾವು ದಿನವೂ ಓಡಾಡುವ ಹೆದ್ದಾರಿಯೇ ನಮ್ಮನ್ನು ಆ ಸೀಮೆಗೆ ಒಯ್ಯುತ್ತದೆ. ಹಿಂದೆ 7ನೆಯ ಸಂಖ್ಯೆಯದಾಗಿದ್ದ, ಈಗ 44 ಎಂದು ಕರೆಯಲ್ಪಡುವ ಈ ರಸ್ತೆ ಕನ್ಯಾಕುಮಾರಿಯಿಂದ ಶ್ರೀನಗರದವರೆಗೆ ಹೋಗುತ್ತದೆ. ನಸುಕಿಗೆ ಮುನ್ನ ಹೊರಟು ಬೆಂಗಳೂರನ್ನು ಅದು ಏಳುವುದರೊಳಗೆ ದಾಟಿಬಿಟ್ಟೆವು. ಚಿಕ್ಕಬಳ್ಳಾಪುರದ ಬಳಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಂದಿಯ ಬೆಟ್ಟ ಇದ್ದಲ್ಲಿ ಬರಿಯ ಬಿಳುಪು ಕಾಣುತ್ತಿತ್ತು. ಬ್ಯಾಂಕಿನ ಮಿತ್ರರು ಕಾರು ನಿಲ್ಲಿಸಿ, ಕಾಣದ ಬೆಟ್ಟಕ್ಕೇ ಕೈಮುಗಿದರು. ಕಾರಣವುಂಟು. ಈ ಬೆಟ್ಟಸಾಲಿನಲ್ಲಿ ಎರಡು ಪಿನಾಕಿನಿಗಳು ಹುಟ್ಟುತ್ತವೆ. ದಕ್ಷಿಣ ಪಿನಾಕಿನಿ ತೆಂಕಣಕ್ಕೆ ಇಳಿದು ನಮ್ಮ ಕೆಲವರಪಳ್ಳಿ ಅಣೆಕಟ್ಟಿಗೂ ಕೃಷ್ಣಗಿರಿಯ ಜಲಾಶಯಕ್ಕೂ ನೀರಾಗುತ್ತದೆ. ಉತ್ತರ ಪಿನಾಕಿನಿ ಬಡಗಣಕ್ಕೆ ತಿರುಗಿ ಹಿಂದೂಪುರದ ದಾರಿ ಹಿಡಿದು, ನಾವು ಹೊರಟಿದ್ದ ಒಣಸೀಮೆಯನ್ನು ಹೊಕ್ಕು, ಕೊನೆಗೆ ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ಅಕ್ಕತಂಗಿಯರಲ್ಲಿ ಒಬ್ಬಳನ್ನು ತಮಿಳು ನಾಡಿಗೂ ಒಬ್ಬಳನ್ನು ತೆಲುಗು ನಾಡಿಗೂ ಕೊಟ್ಟ ಮನೆ ಅದು.

ಬಾಗೇಪಲ್ಲಿ ಕಳೆದು ಗಡಿ ದಾಟಿದ ಮೇಲೆ ಹೆದ್ದಾರಿಯನ್ನು ಬಿಟ್ಟು ಲೇಪಾಕ್ಷಿಗೆ ತಿರುಗಿದೆವು. ವೀರಭದ್ರನ ಗುಡಿಯ ಬಗೆಗೆ, ಒಂದೇ ಬಂಡೆಯ ಬಸವನ ಬಗೆಗೆ, ನೆಲಕ್ಕೆ ಪೂರ್ತಿ ತಾಗದ ಕಂಬದ ಬಗೆಗೆ ಬರೆದವರು ಬಹಳ ಮಂದಿ, ನಾನು ಸೇರಿಸುವುದೇನಿಲ್ಲ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 16ನೆಯ ಶತಮಾನದಲ್ಲಿ, ವಿರೂಪಣ್ಣ ವೀರಣ್ಣ ಸೋದರರು ಇದನ್ನು ಕಟ್ಟಿಸಿದರು. ಚಾವಣಿಯ ಚಿತ್ರಗಳನ್ನು ನೋಡಲು ಜನ ಕತ್ತು ಮೇಲೆತ್ತಿ ನಿಂತಿದ್ದರೆ, ನಮ್ಮ ಬ್ಯಾಂಕಿನವರು ಗೋಡೆಯ ಬುಡದಲ್ಲಿ ಮಂಡಿಯೂರಿದ್ದರು. ಅಲ್ಲಿನ ಶಾಸನಗಳು ಕನ್ನಡದವು. ಒಂದೊಂದೇ ಅಕ್ಷರ ಕೂಡಿಸಿ ಅವರು ಓದುವುದನ್ನು ಕಂಡು ಪ್ರವಾಸಿಗರ ಒಂದು ಗುಂಪು ಅವರನ್ನೇ ಮಾರ್ಗದರ್ಶಿಯೆಂದು ಭಾವಿಸಿ ಹಿಂದೆ ನಿಂತಿತು. ಅವರೂ ಬೇಡವೆನ್ನಲಿಲ್ಲ.

ಹಿಂದೂಪುರದ ಪೇಟೆಯಲ್ಲಿ ಹುಣಿಸೆಹಣ್ಣಿನ ವಾಸನೆ, ರೇಷ್ಮೆಗೂಡಿನ ವ್ಯಾಪಾರ. ಎರಡೂ ನಮಗೆ ಹೊಸತಲ್ಲ. ಊಟ ಮಾಡಿ ಮಡಕಶಿರದ ದಾರಿ ಹಿಡಿದೆವು. ಮಡಕಶಿರದ ನಕ್ಷೆಯನ್ನು ಮಕ್ಕಳಿಗೆ ತೋರಿಸಬೇಕು: ಆಂಧ್ರದ ಈ ತಾಲ್ಲೂಕಿನ ಬಹುಪಾಲು ಎಲ್ಲೆ ಕರ್ನಾಟಕಕ್ಕೆ ತಾಗಿದೆ. ಅದರ ಬಡಗಲಿಗಿರುವ ಕರ್ನಾಟಕದ ಪಾವಗಡ ತಾಲ್ಲೂಕನ್ನು ಮೂರು ಕಡೆಯಿಂದ ಆಂಧ್ರ ಸುತ್ತಿಕೊಂಡಿದೆ. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಗಡಿ ಇಲ್ಲಿ ಹೆಣೆದುಕೊಂಡಿದೆ. ಮಡಕಶಿರ 2022ರಲ್ಲಿ ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಸೇಲಂ ಜಿಲ್ಲೆಯವರಾಗಿದ್ದು, 1965ರಲ್ಲಿ ಧರ್ಮಪುರಿಯವರಾಗಿ, 2004ರಲ್ಲಿ ಕೃಷ್ಣಗಿರಿಯವರಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಗಡಿಯಲ್ಲಿ ಚಹಾ ಕೇಳಿದ್ದು ತೆಲುಗಿನಲ್ಲಿ. ಉತ್ತರ ಬಂದದ್ದು ಕನ್ನಡದಲ್ಲಿ. "ನಮ್ಮ ಮುಖದ ಮೇಲೆ ಬರೆದಿದೆಯೇನು?" ಎಂದು ತಮಿಳು ಅಧ್ಯಾಪಕರು ನಕ್ಕರು. ರಾತ್ರಿ ಅಲ್ಲಿಯೇ ತಂಗಿದೆವು. ಕೋಟೆಬೆಟ್ಟದ ಕಡೆಯಿಂದ ಇಳಿಯುವ ಚಳಿ ನಮ್ಮ ತಳಿಯ ಚಳಿಗೆ ಕಡಿಮೆಯದಲ್ಲ. ಆದರೆ ಒಣ ಚಳಿ, ತುಟಿ ಬಿರಿಯುವಂಥದು.

ಮರುದಿನ ಬೆಳಿಗ್ಗೆ ಹೇಮಾವತಿಗೆ ಹೋದೆವು. ಹೊಳೆಯಲ್ಲ, ಊರು. ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಸ್ಥಳಗಳಲ್ಲಿ ಇದೊಂದು. ಇದರ ಹಳೆಯ ಹೆಸರು ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬರ ರಾಜಧಾನಿ. ಇಂದು ಸಣ್ಣ ಹಳ್ಳಿ. ಹೊಲಗಳ ನಡುವೆ ಗುಡಿಗಳು, ಗುಡಿಯ ಸುತ್ತ ಸಾಲಾಗಿ ಇಟ್ಟ ಒಡೆದ ವಿಗ್ರಹಗಳು. ದೊಡ್ಡೇಶ್ವರನ ಗುಡಿಯ ಕಲ್ಲು ಜಾಲಂಧ್ರಗಳಲ್ಲಿ ಬಳ್ಳಿಯ ಸುರುಳಿಗಳ ನಡುವೆ ಕಡೆದ ದೇವತೆಗಳನ್ನು ನೋಡುತ್ತ, ಬೆಳಕು ಅವುಗಳ ಹಿಂದಿನಿಂದ ಸರಿಯುವುದನ್ನು ಕಾಯುತ್ತ, ಹೊತ್ತು ಹೋದದ್ದೇ ತಿಳಿಯಲಿಲ್ಲ. ಸಿದ್ಧೇಶ್ವರನನ್ನು ಊರವರು ಹೆಂಜೇರಪ್ಪ ಎನ್ನುತ್ತಾರೆ. ಇಲ್ಲಿ ಶಿವ ಲಿಂಗರೂಪಿಯಲ್ಲ, ಕುಳಿತ ಮೂರ್ತಿ.

ನಮ್ಮ ಕುಟುಂಬಗಳ ಓದುಗರಿಗೆ ಈ ಹಳ್ಳಿಯ ನೆಂಟಸ್ತಿಕೆ ತಿಳಿದಿರಬೇಕು. ನೊಳಂಬರ ಕೈ ನಮ್ಮ ಧರ್ಮಪುರಿಯವರೆಗೂ ಚಾಚಿತ್ತು. ಅಂದಿನ ತಗಡೂರೇ ಇಂದಿನ ಧರ್ಮಪುರಿ. ಅಲ್ಲಿ 9ನೆಯ ಶತಮಾನದ ಮಹೇಂದ್ರ ನೊಳಂಬನ ಕಾಲದ ಕನ್ನಡ ಶಾಸನಗಳು ದೊರೆತಿವೆ. ಕೋಟೆಯ ಗುಡಿಯಲ್ಲಿ ನೊಳಂಬ ಶಿಲ್ಪಿಗಳ ಕೆಲಸವನ್ನು ಇಂದೂ ಕಾಣಬಹುದು. ಇನ್ನೂ ದೂರ, ಕಾವೇರಿಯ ತೀರದ ತಿರುವೈಯಾರಿನ ಗುಡಿಯಲ್ಲಿ ಇದೇ ಶೈಲಿಯ ನುಣುಪಾದ ಕಂಬಗಳು ನಿಂತಿವೆ. ಚೋಳರು ಗೆಲುವಿನ ಗುರುತಾಗಿ ಒಯ್ದರೆಂಬುದು ವಿದ್ವಾಂಸರ ಅಭಿಪ್ರಾಯ. ತಮಿಳು ಅಧ್ಯಾಪಕರು ಆ ಗುಡಿಗೆ ಹಲವು ಬಾರಿ ಹೋದವರು. ಅವರು ಮುರಿದ ಕಂಬವೊಂದರ ಮೇಲೆ ಕೈಯಾಡಿಸಿ, "ಅಲ್ಲಿ ನೋಡಿದಾಗಲೆಲ್ಲ ಇದು ನಮ್ಮ ಕೆಲಸವಲ್ಲ ಅನ್ನಿಸುತ್ತಿತ್ತು ಸಾರ್. ಈಗ ಗೊತ್ತಾಯಿತು" ಎಂದರು.

ಮಡಕಶಿರಕ್ಕೆ ಹಿಂದಿರುಗಿ ಪಾವಗಡದ ಮೂಲಕ ಬಡಗಣಕ್ಕೆ ನಡೆದೆವು. ಭೂಮಿ ಕ್ರಮೇಣ ಬರಿದಾಗುತ್ತದೆ. ಗುಂಡುಬಂಡೆಯ ಬೆಟ್ಟಗಳು, ನಡುವೆ ಕೆಂಪು ನೆಲ, ಕಡಲೆಕಾಯಿ ಕಿತ್ತ ಮೇಲೆ ಒಟ್ಟಿದ ಬಳ್ಳಿಯ ಮೆದೆಗಳು, ಎಲ್ಲೆಡೆ ಬಳ್ಳಾರಿ ಜಾಲಿ. ಈ ಮರಕ್ಕೆ ನಮ್ಮ ತಮಿಳರು ಸೀಮೆ ಕರುವೇಲವೆನ್ನುತ್ತಾರೆ, ಇಲ್ಲಿಯ ತೆಲುಗರು ಸರ್ಕಾರು ತುಮ್ಮವೆನ್ನುತ್ತಾರೆ. ಮೂವರೂ ಅದನ್ನು ತಮ್ಮದೆಂದು ಒಪ್ಪಿಕೊಳ್ಳುವುದಿಲ್ಲವೆಂಬುದು ಹೆಸರಿನಿಂದಲೇ ತಿಳಿಯುತ್ತದೆ: ಒಬ್ಬರಿಗೆ ಬಳ್ಳಾರಿಯದು, ಒಬ್ಬರಿಗೆ ಪರಸೀಮೆಯದು, ಇನ್ನೊಬ್ಬರಿಗೆ ಸರ್ಕಾರದ್ದು.

ಪಾವಗಡದಾಚೆ ಸ್ವಲ್ಪ ಬಳಸಿ ತಿರುಮಣಿಯ ಸೂರ್ಯವಿದ್ಯುತ್ತಿನ ಬಯಲನ್ನು ನೋಡಿದೆವು. ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳನ್ನು ಹೂಡಿದ್ದಾರೆ. ಕಣ್ಣು ಹರಿವಷ್ಟು ದೂರ ಕಪ್ಪು ನೀಲಿಯ ಹೊಳಪು. ದೂರದಿಂದ ತುಂಬಿದ ಕೆರೆಯಂತೆ ಕಾಣುತ್ತದೆ. ಇಲ್ಲಿಯ ವಿಶೇಷವೆಂದರೆ ಜಮೀನನ್ನು ಕೊಂಡುಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ವರ್ಷಕ್ಕೆ ಇಷ್ಟೆಂದು ಹಣ ಬರುತ್ತದೆ. ಬೆಳೆ ಇಲ್ಲ, ಬರದ ಭಯವೂ ಇಲ್ಲ. ರಸ್ತೆ ಬದಿಯಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರನ್ನು ನಮ್ಮ ರೋಜಾ ಮಿತ್ರರು ವಿಚಾರಿಸಿದಾಗ, "ಜಮೀನಿದ್ದೋರಿಗೆ ವರ್ಷಕ್ಕೆ ದುಡ್ಡು ಬತ್ತದೆ. ಕೂಲಿ ಮಾಡೋರಿಗೆ ಏನು ಬತ್ತದೆ ಸ್ವಾಮಿ? ಬಿಸಿಲು ಅಷ್ಟೆ" ಎಂದರು. ಆಡುಮಾತಿನಲ್ಲಿ ಅವರು ಹೇಳಿದ್ದನ್ನು ಅರ್ಥಶಾಸ್ತ್ರದ ಮಾತಿನಲ್ಲಿ ಹೇಳಲು ಪುಟಗಳೇ ಬೇಕು. ಸಮೀಪದ ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯನ ದರ್ಶನವಾಯಿತು. ಗುಡಿಯ ಬಳಿ ಉತ್ತರ ಪಿನಾಕಿನಿಯ ಪಾತ್ರ. ನಡುವೆ ಅಲ್ಲಲ್ಲಿ ನಿಂತ ನೀರು. ನಂದಿಯಲ್ಲಿ ಕೈಮುಗಿದವರು ಇಲ್ಲಿ ಸುಮ್ಮನೆ ನಿಂತರು.

ಕಲ್ಯಾಣದುರ್ಗವನ್ನು ದಾಟಿ ರಾಯದುರ್ಗ ಸೇರಿದಾಗ ದೀಪ ಹತ್ತಿತ್ತು. ಈ ಊರಿನ ಇತಿಹಾಸ ಕನ್ನಡಿಗರು ಮರೆಯುವಂಥದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡಿಗರು ನಮ್ಮಂತೆಯೇ ಗಡಿಯಾಚೆಯವರು. ಬೆಳಗಿನ ಉಪಾಹಾರಕ್ಕೆ ಮಂಡಕ್ಕಿಯನ್ನು ನೆನೆಸಿ ಒಗ್ಗರಣೆ ಹಾಕಿದ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಚಳಿಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ. ಕೋಟೆಯ ಬೆಟ್ಟವನ್ನು ಅರ್ಧದವರೆಗೆ ಹತ್ತಿದೆವು. ಮಿಕ್ಕರ್ಧವನ್ನು ನಮ್ಮ ಮೊಣಕಾಲುಗಳು ಒಪ್ಪಲಿಲ್ಲ.

ನಮಗೆ ರಜೆಯಾದರೂ ಅಲ್ಲಿ ಶಾಲೆಗಳು ನಡೆಯುತ್ತಿದ್ದವು. ರಾಯದುರ್ಗದಿಂದ ಮುಂದೆ ಒಂದು ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಗೆ ಹೋಗಿ ಅಪರಿಚಿತನಾಗಿಯೇ ಬಾಗಿಲಲ್ಲಿ ನಿಂತೆ. ಮುಖ್ಯೋಪಾಧ್ಯಾಯರು ನನ್ನ ವಯಸ್ಸಿನವರೇ. ಕುರ್ಚಿ ಹಾಕಿಸಿ, ಮಕ್ಕಳಿಂದ ಹಾಡು ಹೇಳಿಸಿ, ಕೊನೆಗೆ ಇಬ್ಬರೂ ನಮ್ಮ ನಮ್ಮ ಲೆಕ್ಕ ಒಪ್ಪಿಸಿಕೊಂಡೆವು. ಅವರಲ್ಲಿ ತೆಲುಗು ರಾಜ್ಯದ ಪಠ್ಯವನ್ನು ಕನ್ನಡದಲ್ಲಿ ಕಲಿಸುತ್ತಾರೆ. ನಮ್ಮಲ್ಲಿ 2006ರ ತಮಿಳು ಕಲಿಕೆಯ ಕಾಯ್ದೆಯ ಮೇಲೆ ತಮಿಳು ಕಡ್ಡಾಯ, ಕನ್ನಡಕ್ಕೆ ಎಷ್ಟು ಸ್ಥಳ ಎಂಬುದೇ ಪ್ರಶ್ನೆ. ಕನ್ನಡದಲ್ಲಿ ಓದಿದ ಹುಡುಗ ಮುಂದೆ ಯಾವ ಊರಿಗೆ ಹೋಗಬೇಕು ಎಂಬುದು ಇಬ್ಬರ ತಾಯ್ತಂದೆಯರೂ ಕೇಳುವ ಮಾತು. ನಾನು ಕಥೆಪುಸ್ತಕಗಳ ಒಂದು ಕಟ್ಟನ್ನು ಅವರ ಮೇಜಿನ ಮೇಲಿಟ್ಟೆ. ಮರಳಿನ ದಿಬ್ಬಗಳ ದಾರಿ ಕೇಳಿದಾಗ ಅವರು ನಕ್ಕು ಹೇಳಿದರು: "ನೋಡಿ ಬರ್ರಿ. ಹಗರಿ ಕನ್ನಡನಾಡಿಂದ ಬರೋ ಹೊಳಿ. ಮಾತು ಅಲ್ಲಿಂದ ಬರ್ತೈತಿ, ನೀರು ಬರಂಗಿಲ್ಲ."

ಈ ಮಾತು ಮುಂದಿನ ಎರಡು ದಿನ ನಮ್ಮ ಕಾರಿನಲ್ಲಿ ಐದನೆಯವನಂತೆ ಕುಳಿತಿತ್ತು.

ಕಣೇಕಲ್ಲಿನ ದೊಡ್ಡ ಕೆರೆಯನ್ನು ಬಳಸಿ ಬೊಮ್ಮನಹಾಳದ ಕಡೆಗೆ ಹೋಗುವಾಗ ನೆಲದ ಬಣ್ಣ ಕಪ್ಪಾಗುತ್ತದೆ. ಎರೆಭೂಮಿಯಲ್ಲಿ ಕಡಲೆಗಿಡ ಬರಿಯ ಇಬ್ಬನಿ ಕುಡಿದು ಬೆಳೆಯುತ್ತಿತ್ತು. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಇದೇ ಸೀಮೆಯಲ್ಲಿ ಹಾದುಹೋಗುವುದರಿಂದ ಅದರ ನೀರು ಮುಟ್ಟಿದಲ್ಲಿ ಭತ್ತ, ಮೆಣಸಿನಕಾಯಿ, ಹಸಿರು ಹಸಿರು. ಹೀಗಿರುವಾಗಲೇ, ಯಾವ ಸೂಚನೆಯನ್ನೂ ಕೊಡದೆ, ದರ್ಗಾ ಹೊನ್ನೂರಿನ ಬಳಿ ಮರಳು ಎದ್ದು ನಿಲ್ಲುತ್ತದೆ.

ಇಳಿಬಿಸಿಲಿನಲ್ಲಿ ನಾವು ಅದರ ಮೇಲೆ ನಡೆದೆವು. ಪಾದರಕ್ಷೆ ಕೈಯಲ್ಲಿ ಹಿಡಿದ ಐವತ್ತು ದಾಟಿದ ನಾಲ್ವರನ್ನು ನೋಡಿ ಊರ ಹುಡುಗರಿಗೆ ಮೋಜು. ಮೇಲ್ಪದರ ಬೆಚ್ಚಗೆ, ಕಾಲು ಹೂತರೆ ಒಳಗೆ ತಣ್ಣಗೆ. ಗಾಳಿ ಬರೆದ ಅಲೆಗಳ ಮೇಲೆ ಹಕ್ಕಿಯ ಕಾಲಿನ ಗುರುತು ಹೊಲಿಗೆ ಹಾಕಿದಂತೆ ಸಾಗಿತ್ತು. ಒಂದೆಡೆ ಜಾಲಿಯ ಮರವೊಂದು ಕತ್ತಿನವರೆಗೆ ಹೂತು ತಲೆಯಷ್ಟನ್ನೇ ತೋರಿಸುತ್ತಿತ್ತು. ಜೈಸಲ್ಮೇರಿನ ಪಟಗಳಲ್ಲಿ ಕಾಣುವಷ್ಟು ಎತ್ತರದ ದಿಬ್ಬಗಳಲ್ಲ ಇವು. ಆದರೆ ಆ ದಿಬ್ಬಗಳ ಕೆಳಗೆ ಯಾರ ಹೊಲವೂ ಇರಲಿಕ್ಕಿಲ್ಲ.

"ಇದರ ಕೆಳಗ ನಮ್ಮ ಹೊಲ ಐತಿ" ಎಂದರು ಒಬ್ಬ ಅಜ್ಜಿ. ಸೌದೆಯ ಹೊರೆಯನ್ನಿಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. "ಈಗೇನು ನೋಡ್ತೀರಿ? ಆಷಾಢದಾಗ ಬರ್ರಿ. ಕಣ್ಣು ಬಿಡಾಕ ಆಗಂಗಿಲ್ಲ. ಉಣ್ಣೋ ಅನ್ನದಾಗೂ ಉಸುಕು." ಎಷ್ಟು ಎಕರೆ ಹೋಯಿತು ಅಮ್ಮಾ ಎಂದು ರೋಜಾ ಮಿತ್ರರು ಕೇಳಿದರು. ಅಜ್ಜಿ ಎಕರೆಯಲ್ಲಿ ಹೇಳಲಿಲ್ಲ. ಕೈಯಿಂದ ತೋರಿಸಿದರು: ಆ ಮರದಿಂದ ಈ ಮರದವರೆಗೆ.

ಮಳೆ ಕಡಿಮೆಯಾದ್ದರಿಂದ ಮರುಭೂಮಿಯಾಯಿತೆಂದು ಪಾಠ ಹೇಳಿ ಮುಗಿಸಬಹುದಿತ್ತು. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಮುಂಗಾರನ್ನು ಪಶ್ಚಿಮ ಘಟ್ಟಗಳು ತಡೆಯುತ್ತವೆ, ಹಿಂಗಾರು ಕರಾವಳಿಯಿಂದ ಇಷ್ಟು ದೂರ ಬರುವಷ್ಟರಲ್ಲಿ ಬಡವಾಗುತ್ತದೆ. ಆದರೂ ಜೈಸಲ್ಮೇರಿನ ಮಳೆ ಇದರ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಮಳೆಯ ನಾಡಿನಲ್ಲಿ ಮರಳು ದಿಬ್ಬವಾಗಲು ಹೊಳೆಯೇ ಕಾರಣ. ವೇದಾವತಿ ಎಂಬ ಹಗರಿ ಇಲ್ಲಿ ಬಡಗಣಕ್ಕೆ ಹರಿಯುತ್ತದೆ, ಹರಿದಾಗ. ಅಗಲವಾದ ಪಾತ್ರ, ತುಂಬ ಸಣ್ಣ ಮರಳು. ಮೇ ತಿಂಗಳ ಕೊನೆಯಿಂದ ಪಡುವಣ ಗಾಳಿ ಎದ್ದರೆ ಒಣಗಿದ ಪಾತ್ರದ ಮರಳನ್ನು ಎತ್ತಿ ಮೂಡಣ ದಂಡೆಯ ಹೊಲಗಳ ಮೇಲೆ ಸುರಿಯುತ್ತದೆ. ಪಾತ್ರ ಒದ್ದೆಯಾಗಿದ್ದರೆ ಮರಳು ಏಳದು. ಮಾಗಿಯಲ್ಲಿ ಗಾಳಿ ಮೆತ್ತಗಿರುವುದರಿಂದ ದಿಬ್ಬಗಳು ಮಲಗಿರುತ್ತವೆ. ನೋಡುವವರಿಗೆ ಅದೇ ಅನುಕೂಲ. ಈ ಮರಳು ಇಂದು ನಿನ್ನೆಯದಲ್ಲ, ಈಗಿನ ಅಣೆಕಟ್ಟುಗಳಿಗಿಂತ ಹಳೆಯದು. ಆದ್ದರಿಂದ ಎಲ್ಲವನ್ನೂ ಮೇಲಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹೊಳೆ ಒಣಗಿರುವ ತಿಂಗಳುಗಳು ಹೆಚ್ಚಿದಷ್ಟೂ ಗಾಳಿಗೆ ಕೆಲಸ ಹೆಚ್ಚು. ಅಘಹರಿ, ಎಂದರೆ ಪಾಪ ಕಳೆಯುವವಳು, ಎಂಬುದೇ ಹಗರಿಯಾಯಿತೆಂದು ಹೇಳುವವರುಂಟು.

ಬಳ್ಳಾರಿಯಲ್ಲಿ ರಾತ್ರಿ ಕಳೆದು, ನಾಲ್ಕನೆಯ ದಿನ ಬಂದ ದಾರಿಯಲ್ಲಿ ಹಿಂದಿರುಗದೆ ಚಳ್ಳಕೆರೆಯ ಮೂಲಕ ಹಿರಿಯೂರಿಗೆ ಹೋದೆವು. ಇದು ರೋಜಾ ಮಿತ್ರರ ಹಟ. "ಮರಳು ನೋಡಿದ ಮೇಲೆ ನೀರೆಲ್ಲೈತೆ ಅಂತಾನೂ ನೋಡಬೇಕು ಮೇಷ್ಟ್ರೇ" ಎಂದರು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ ವಾಣೀವಿಲಾಸ ಸಾಗರವಿದೆ. ಮೈಸೂರಿನ ಅರಸರ ಕಾಲದ್ದು, 1907ರಲ್ಲಿ ಪೂರ್ಣವಾದದ್ದು, ಸುಮಾರು 30 ಟಿಎಂಸಿ ನೀರು ಹಿಡಿಯುವಂಥದು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎರಡು ಕೋಡಿಗಳ ನಡುವೆ ಒಬ್ಬ ಮನುಷ್ಯನ ಪೂರ್ಣಾಯುಷ್ಯ ಕಳೆದಿತ್ತು. ಈಗ ಭದ್ರೆಯ ನೀರೂ ಇದಕ್ಕೆ ಬರುತ್ತದೆ. ಕಟ್ಟೆಯ ಮೇಲೆ ನಿಂತು ನೋಡಿದರೆ ಕೆಳಗೆ ತೆಂಗು, ಅಡಿಕೆ. ಚಿತ್ರದುರ್ಗದ ಆ ಬರಡು ಸೀಮೆಯಲ್ಲಿ ಈ ಕೆರೆ ಎಷ್ಟು ಮನೆಗಳ ಒಲೆ ಉರಿಸಿದೆಯೆಂಬುದನ್ನು ಅಲ್ಲಿಯವರು ಹೇಳಬೇಕಾಗಿಲ್ಲ, ಕಾಣುತ್ತದೆ. ಅಜ್ಜಿಯ ಹೊಲದ ಮರಳನ್ನು ಜೇಬಿನಲ್ಲಿಟ್ಟುಕೊಂಡು ಬಂದವರಿಗೂ ಇದನ್ನು ತಪ್ಪೆನ್ನಲು ಬಾಯಿ ಬರಲಿಲ್ಲ.

ಅಲ್ಲಿ ನಮ್ಮೊಳಗೆ ನಡೆದ ವಾದವನ್ನು ಬರೆಯದಿದ್ದರೆ ಲೇಖನ ಅಪೂರ್ಣ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ನೀರಿನ ವಿಷಯದಲ್ಲಿ ಒಂದು ಒಪ್ಪಂದವಾಯಿತು. ಪಟ್ಟಿಯಲ್ಲಿರುವ ಹೊಳೆಗಳಿಗೆ ಮೇಲಿನ ಮೈಸೂರು ಹೊಸ ಕಟ್ಟೆ ಕಟ್ಟಬೇಕಾದರೆ ಕೆಳಗಿನ ಮದರಾಸಿನ ಒಪ್ಪಿಗೆ ಬೇಕೆಂಬುದು ಅದರ ಸಾರ. ಕಾವೇರಿಯ ಸಂಬಂಧವಾಗಿ ಈ ಒಪ್ಪಂದದ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅದೇ ಪಟ್ಟಿಯಲ್ಲಿ ಹಗರಿಯೂ ಇದೆ, ಎರಡು ಪಿನಾಕಿನಿಗಳೂ ಇವೆ. ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಕೋಲಾರ ಜಿಲ್ಲೆಯ ಯರಗೋಳಿನಲ್ಲಿ ಕರ್ನಾಟಕ ಅಣೆಕಟ್ಟು ಕಟ್ಟಿದಾಗ ತಮಿಳುನಾಡು ಇದೇ ಆಧಾರದ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2019ರಲ್ಲಿ ಅದರ ಅರ್ಜಿ ತಿರಸ್ಕೃತವಾಯಿತು. ಕೋಲಾರದ ಬಾಯಾರಿಕೆ ಸುಳ್ಳಲ್ಲ.

"ಹಾಗಾದರೆ ನಾವು ಯಾರ ಕಡೆ ಸಾರ್?" ಎಂದು ತಮಿಳು ಅಧ್ಯಾಪಕರು ಬ್ಯಾಂಕಿನವರನ್ನು ಕೆಣಕಿದರು. ಅವರು ಕರ್ನಾಟಕದ ಕಡೆಯೆಂದು ತಟಕ್ಕನೆ ಹೇಳಿದರು. ರೋಜಾ ಮಿತ್ರರು ಹಾಗೆ ಹೇಳಲಾರದೆ ಹೋದರು. "ನೀವು ಪಿಂಚಣಿಯೋರು. ನನ್ನ ಗಿಡ ಕನ್ನಡ ಕೇಳಲ್ಲ, ನೀರು ಕೇಳ್ತದೆ. ಮೇಲಿಂದ ಬರೋದು ಈಗ ಬೆಂಗಳೂರಿನ ಚರಂಡಿಯ ನೊರೆ. ಅದನ್ನು ನಮ್ಮೋರು ಬಿಟ್ಟರು ಅಂತ ಹೂವಿಗೆ ಹಾಕಲಾ?" ಕೆಲವರಪಳ್ಳಿಯ ಅಣೆಕಟ್ಟಿನಲ್ಲಿ ಹಿಮದಂತೆ ಏಳುವ ನೊರೆಯನ್ನು ಕಂಡ ನಮ್ಮಲ್ಲಿ ಯಾರೂ ಇದಕ್ಕೆ ಉತ್ತರ ಕೊಡಲಿಲ್ಲ. ಮಾತಿನಲ್ಲಿ ಮೇಲಿನವರು ನಮ್ಮವರು. ನೀರಿನಲ್ಲಿ ನಾವು ಕೆಳಗಿನವರು. ರಾಯದುರ್ಗದ ಮುಖ್ಯೋಪಾಧ್ಯಾಯರ ಸಂಕಟವೂ ಇದೇ. ನನ್ನ ಮಟ್ಟಿಗೆ ಹೇಳುವುದಾದರೆ, ಗಡಿಯ ಕನ್ನಡಿಗನು ನೀರಿನ ಮಾತು ಬಂದಾಗ ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. ಕೆಳಗಿನ ಹೊಲದ ಸುದ್ದಿಯನ್ನು ಮೇಲಿನವರಿಗೆ ಅವರದೇ ಭಾಷೆಯಲ್ಲಿ ಹೇಳಬಲ್ಲವನು ಅವನೇ. ಬ್ಯಾಂಕಿನ ಮಿತ್ರರು ಈ ಅಭಿಪ್ರಾಯವನ್ನು ಒಪ್ಪಿಲ್ಲವೆಂಬುದನ್ನೂ ಅವರ ಅಪ್ಪಣೆಯ ಮೇರೆಗೆ ಇಲ್ಲಿ ದಾಖಲಿಸುತ್ತೇನೆ.

ತುಮಕೂರು, ಬೆಂಗಳೂರುಗಳ ಮೂಲಕ ಅದೇ ರಾತ್ರಿ ಹೊಸೂರು ಸೇರಿದೆವು.

ಹೋಗಬಯಸುವ ಕುಟುಂಬಗಳಿಗೆ ಎರಡು ಮಾತು. ಡಿಸೆಂಬರಿನ ನಡುವಿನಿಂದ ಜನವರಿ ಮುಗಿಯುವವರೆಗೆ ಒಳ್ಳೆಯ ಕಾಲ. ಆಮೇಲೆ ಬಿಸಿಲು ಏರುತ್ತದೆ. ನಾಲ್ಕು ದಿನ ಬೇಕು. ಲೇಪಾಕ್ಷಿ, ಹೇಮಾವತಿಗಳಷ್ಟೇ ಸಾಕೆನ್ನುವವರಿಗೆ ಎರಡು ದಿನ. ಮಡಕಶಿರ, ರಾಯದುರ್ಗಗಳಲ್ಲಿ ತಂಗಲು ಸಾಧಾರಣ ವಸತಿಗೃಹಗಳಿವೆ. ಕಂಬಳಿಯನ್ನು ಮನೆಯಿಂದಲೇ ಒಯ್ಯುವುದು ಲೇಸು. ಕುಡಿಯುವ ನೀರನ್ನೂ ಒಯ್ಯಿರಿ. ಈ ಸೀಮೆಯ ಕೊಳವೆಬಾವಿಗಳಲ್ಲಿ ಹಲವೆಡೆ ಫ್ಲೋರೈಡಿನ ಅಂಶವಿದೆ. ಮರಳಿಗೆ ಇಳಿಬಿಸಿಲಿನಲ್ಲಿ ಹೋಗಿ, ಕತ್ತಲಾಗುವ ಮುನ್ನ ಹಿಂದಿರುಗಿ. ಮಕ್ಕಳಿದ್ದರೆ ಕನ್ನಡದ ಕಥೆಪುಸ್ತಕಗಳು ನಾಲ್ಕಾರು ಜೊತೆಗಿರಲಿ. ದಾರಿಯಲ್ಲಿ ಶಾಲೆಗಳು ಸಿಗುತ್ತವೆ.